ತಾಯಿಯ ಹೆಸರು ಕಡ್ಡಾಯ

ಶಾಲಾ ಗುಮಾಸ್ತೆಯ ಕುರ್ಚಿಯಲ್ಲಿ ಕೂತು ಇನ್ನೊಬ್ಬರ ಸಂಸಾರ ಒಡೆಯಬಹುದು ಎಂದು ಕೆಲಸಕ್ಕೆ ಸೇರಿದ ದಿನ ನನಗೆ ಯಾರೂ ಹೇಳಲಿಲ್ಲ. ಅದಕ್ಕೆ ಕೆಟ್ಟ ಬುದ್ಧಿ ಬೇಕಿಲ್ಲ. ಕಂಪ್ಯೂಟರಿನಲ್ಲಿ ಒಂಬತ್ತು ಅಕ್ಷರ ಒತ್ತಿದರೆ ಸಾಕು. ನಾನು ಒತ್ತಿಸಿದೆ. ಅದಾದ ಮೇಲೆ ಒಬ್ಬ ಹೆಂಗಸು ನನ್ನ ಮೇಜಿನ ಮುಂದೆ ನಿಂತು ನೋಡಿದ ನೋಟವಿದೆಯಲ್ಲ, ನಿವೃತ್ತಳಾಗಿ ಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿರುವ ಈಗಲೂ ಅದು ನೆನಪಾದರೆ ಕೈ ತಣ್ಣಗಾಗುತ್ತದೆ.

ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರಿಗೆಂದು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಬೀಳ್ಕೊಡುಗೆಯ ದಿನ ಯಾವ ಬಣ್ಣದ ಶಾಲು ಹೊದಿಸಿದರು ಎಂಬುದು ನಿಮಗೂ ಬೇಡ, ನನಗೂ ಮರೆತಿದೆ. ನಿಮಗೆ ಬೇಕಾದದ್ದು ನಾನು ಮಾಡಿದ ತಪ್ಪು.

ನಾನು ಗಿರಿಜಾಂಬ. ನಾನಿದ್ದ ಶಿಕ್ಷಣ ಸಂಸ್ಥೆಯ ಹೆಸರು ಹೇಳುವುದಿಲ್ಲ. ಅದಕ್ಕೆ ಮಧುಗಿರಿ, ಶಿರಾ, ಪಾವಗಡಗಳಲ್ಲಿ ಒಂದೊಂದು ಹೈಸ್ಕೂಲು, ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯಲ್ಲಿ ಒಂದು. ನಾಲ್ಕು ಶಾಲೆಗಳ ಕಾಗದಪತ್ರವೂ ಕೊನೆಗೆ ಮಧುಗಿರಿಯ ನನ್ನ ಮೇಜಿಗೇ ಬರುತ್ತಿತ್ತು. ಮದುವೆಯಾಗಲಿಲ್ಲ. ಯಾಕೆ ಎಂಬುದು ಬೇರೆ ಪುರಾಣ, ಇಲ್ಲಿ ಬೇಡ. ಸಂಜೆ ಹೊತ್ತು ನನಗಿದ್ದ ಚಟ ಒಂದೇ, ಓದು. ಅದೂ ಕಥೆ ಕಾದಂಬರಿಯಲ್ಲ. ಬಸ್‌ಸ್ಟ್ಯಾಂಡ್ ಹತ್ತಿರದ ರದ್ದಿ ಅಂಗಡಿಯಲ್ಲಿ ತೂಕಕ್ಕೆ ಸಿಗುತ್ತಿದ್ದ ಹಳೆಯ ಇಂಗ್ಲಿಷ್ ಕಂಪ್ಯೂಟರ್ ಮಾಸಪತ್ರಿಕೆಗಳು. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಓದುತ್ತಿದ್ದೆ. ಅದರಲ್ಲೂ ಪಾಸ್‌ವರ್ಡ್ ಬಗ್ಗೆ, ಅದರ ಕಳ್ಳತನದ ಬಗ್ಗೆ ಬರೆದದ್ದು ಕಂಡರೆ ಊಟ ಬಿಟ್ಟು ಓದುತ್ತಿದ್ದೆ. ಹೆಡ್‌ಮಾಸ್ಟರ್ ಚಿಕ್ಕಣ್ಣನವರು "ನಮ್ಮ ಗಿರಿಜಾಂಬನವರು ಅರ್ಧ ಇಂಜಿನಿಯರು ಕಣ್ರೀ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನಾನೂ ಹಿಗ್ಗುತ್ತಿದ್ದೆ. ಅರ್ಧ ಇಂಜಿನಿಯರ್ ಎಂದರೆ ಪೂರ್ತಿ ಅಪಾಯ ಎಂದು ಆಗ ಗೊತ್ತಿರಲಿಲ್ಲ.

ಹತ್ತನೇ ತರಗತಿ ಮಕ್ಕಳ ವಿವರವನ್ನು ಕಂಪ್ಯೂಟರಿನಲ್ಲಿ ತುಂಬಿ ಕಳಿಸಬೇಕು ಎಂದು ಆಯಿತು. ನಾಲ್ಕು ಶಾಲೆಗೂ ಒಂದೊಂದು ಲಾಗಿನ್ ಕೊಟ್ಟರು, ನಾಲ್ಕನ್ನೂ ನೋಡಿಕೊಳ್ಳಲು ನನಗೊಂದು. ಪಾಸ್‌ವರ್ಡ್ ಅವರವರೇ ಇಟ್ಟುಕೊಂಡರು. ಒಂದು ದಿನ ಚಿಕ್ಕಣ್ಣನವರು ಜಿಲ್ಲೆಯ ಸಭೆಗೆ ಹೋಗಿದ್ದಾಗ ತುರ್ತಾಗಿ ಅವರ ಲಾಗಿನ್ ಬೇಕಾಯಿತು. ಫೋನು ಹತ್ತಲಿಲ್ಲ. ಸುಮ್ಮನೆ ಕೂತವಳು ಒಂದು ನಿಮಿಷ ಯೋಚಿಸಿ ಅವರ ಮನೆ ದೇವರ ಹೆಸರು ಒತ್ತಿ, ಮುಂದೆ ಒಂದು ಎರಡು ಮೂರು ಸೇರಿಸಿದೆ. ಬಾಗಿಲು ತೆರೆದೇಬಿಟ್ಟಿತು! ನಮ್ಮ ಕಡೆ ಇಬ್ಬರು ಭೇಟಿಯಾದರೆ ಮೊದಲು ಊರು ಕೇಳುತ್ತಾರೆ, ಎರಡನೆಯದಾಗಿ ಮನೆ ದೇವರು ಕೇಳುತ್ತಾರೆ. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿಬಿಡುವ ಹೆಸರನ್ನು ಈ ಮಹಾನುಭಾವರು ಬೀಗದ ಕೈ ಮಾಡಿಕೊಂಡಿದ್ದಾರೆ! ಅದೇ ಕೈಯಲ್ಲಿ ಪಾವಗಡದ ಗುಮಾಸ್ತ ಓಬಳೇಶಪ್ಪನ ಲಾಗಿನ್ ಪ್ರಯತ್ನಿಸಿದೆ. ಅದೂ ತೆರೆಯಿತು. ಆತನ ಹೆಸರಿನಲ್ಲೇ ದೇವರಿದ್ದುದರಿಂದ ಯೋಚಿಸುವ ಕಷ್ಟವೂ ಇರಲಿಲ್ಲ. ಶಿರಾದ ಗುಮಾಸ್ತರು ರೆಹಮಾನ್ ಸಾಹೇಬರು. ಅವರದು ಮೂರೇ ಅಂಕಿ, ಯಾವುದೆಂದು ನಾನು ಹೇಳಬೇಕಿಲ್ಲ. ಇನ್ನು ನನ್ನದು? ಅರ್ಧ ಇಂಜಿನಿಯರದು? ಕರಿಯಮ್ಮ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮುಂದಿನ ತಿಂಗಳು ನಾಲ್ಕು ಶಾಲೆಯವರನ್ನೂ ಕೂರಿಸಿಕೊಂಡು ಪಾಠ ಮಾಡಿದೆ. ಒಂದು ವಾಕ್ಯ ತೆಗೆದುಕೊಂಡು ಅದರ ಪದಗಳ ಮೊದಲ ಅಕ್ಷರಗಳನ್ನು ಸೇರಿಸಿದರೆ ಗಟ್ಟಿ ಪಾಸ್‌ವರ್ಡ್ ಆಗುತ್ತದೆ ಎಂದು ಓದಿದ್ದೆ. ನಮಗೆ ವಾಕ್ಯಕ್ಕೇನು ಬರ, ಗಾದೆಗಳೇ ಇವೆಯಲ್ಲ! "ಕೈ ಕೆಸರಾದರೆ ಬಾಯಿ ಮೊಸರು" ಎಂದು ಬೋರ್ಡಿನ ಮೇಲೆ ಉದಾಹರಣೆ ಬರೆದು, ಮೊದಲ ಅಕ್ಷರಗಳಿಗೆ ಸುತ್ತು ಹಾಕಿ ತೋರಿಸಿದೆ. ಎಲ್ಲರೂ ತಲೆಯಾಡಿಸಿದರು, ಟೀ ಕುಡಿದು ಹೋದರು. ಹದಿನೈದು ದಿನ ಬಿಟ್ಟು ಪರೀಕ್ಷಿಸಿದರೆ ಮೂರು ಶಾಲೆಯವರದೂ ಕೈ ಕೆಸರಾದರೆ ಬಾಯಿ ಮೊಸರೇ! "ಬೇರೆ ಗಾದೆ ಇಟ್ಕೊಳ್ಳಿ ಅಂದಿದ್ದೆನಲ್ಲ" ಎಂದು ಓಬಳೇಶಪ್ಪನಿಗೆ ಫೋನಿನಲ್ಲಿ ಕೂಗಾಡಿದೆ.

"ಮೇಡಂ, ನಮ್ದು ತೆಲುಗು ಮನೆ. ಕನ್ನಡ ಗಾದೆ ನಂಗೆ ಬರೋದೇ ಅದೊಂದು. ಏಮಿ ಚೇಸೇದಿ, ಏನ್ ಮಾಡ್ಲಿ?" ಎಂದ.

ಸರಿ, ನಾನೇ ಒಬ್ಬೊಬ್ಬರಿಗೂ ಒಂದೊಂದು ಗಟ್ಟಿ ಪಾಸ್‌ವರ್ಡ್ ಮಾಡಿಕೊಟ್ಟೆ. ಶಿರಾಕ್ಕೆ ಹೋದಾಗ ನೋಡುತ್ತೇನೆ, ರೆಹಮಾನ್ ಸಾಹೇಬರು ಅದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಕೆಂಪು ಇಂಕಿನಲ್ಲಿ, ಸೊಗಸಾದ ಅಕ್ಷರದಲ್ಲಿ ಬರೆದಿದ್ದರು. ಕೆಳಗೆ "ಯಾರಿಗೂ ಹೇಳಬಾರದು" ಎಂದೂ ಬರೆದಿದ್ದರು. ತೋವಿನಕೆರೆಯವರು ಚೀಟಿ ಬರೆದಿಟ್ಟುಕೊಂಡು ಚೀಟಿಯನ್ನೇ ಕಳೆದರು. ದಿನಕ್ಕೊಬ್ಬರು ಫೋನು ಮಾಡಿ "ಮೇಡಂ, ಲಾಕ್ ಆಯ್ತು" ಎನ್ನತೊಡಗಿದರು. ಸಾಕಾಗಿ ಹೋಯಿತು. ಕೊನೆಗೆ ನಾನು ಓದಿದ್ದಕ್ಕೆಲ್ಲ ಎಳ್ಳುನೀರು ಬಿಟ್ಟು, ನಾಲ್ಕು ಶಾಲೆಗೂ ತೆರೆದುಕೊಳ್ಳುತ್ತಿದ್ದ ನನ್ನ ಒಂದೇ ಲಾಗಿನ್ನನ್ನು ಎಲ್ಲರಿಗೂ ಕೊಟ್ಟುಬಿಟ್ಟೆ. ಕೆಲಸ ಸಲೀಸಾಯಿತು. ನೀವು ಈಗ ನಗುತ್ತೀರಿ. ನಗಬೇಡಿ. ಮೊನ್ನೆ ಅದೇ ಕಚೇರಿಗೆ ಹೋಗಿದ್ದೆ, ಈಗಿನವರು ಮೊಬೈಲಿಗೆ ಬಂದ ಓಟಿಪಿಯನ್ನು ಈ ಕೋಣೆಯಿಂದ ಆ ಕೋಣೆಗೆ ಹರಾಜು ಕೂಗಿದ ಹಾಗೆ ಕೂಗುತ್ತಿದ್ದರು.

ಒಂದರಲ್ಲಿ ಮಾತ್ರ ಜಾಣತನ ಬಿಡಲಿಲ್ಲ. ಪಾಸ್‌ವರ್ಡ್ ಮರೆತರೆ ಕಂಪ್ಯೂಟರ್ ಒಂದು ಗುಟ್ಟಿನ ಪ್ರಶ್ನೆ ಕೇಳುತ್ತದೆ: ನಿಮ್ಮ ತಾಯಿಯ ಹೆಸರೇನು? ಇದಕ್ಕೆ ನಿಜ ಹೇಳಲೇಬಾರದು, ಸಂಬಂಧವಿಲ್ಲದ ಏನನ್ನಾದರೂ ಕೊಡಬೇಕು ಎಂದು ಓದಿದ್ದೆ. ತೀರಿಹೋದ ನನ್ನ ತಾಯಿಯ ಹೆಸರಿನ ಜಾಗದಲ್ಲಿ ಒಂದು ತರಕಾರಿಯ ಹೆಸರು ಕೊಟ್ಟು ಬೀಗಿದೆ.

ಆ ವರ್ಷ ಹೊಸ ಕಾಲಂ ಬಂತು. ಹಳೆಯ ದಾಖಲಾತಿ ಪುಸ್ತಕದಲ್ಲಿ ತಂದೆ ಅಥವಾ ಪೋಷಕರ ಹೆಸರಿಗಷ್ಟೇ ಜಾಗ. ಈಗ ತಾಯಿಯ ಹೆಸರೂ ಬೇಕು, ಕಡ್ಡಾಯ. ಅದು ತುಂಬದಿದ್ದರೆ ಪುಟವೇ ಉಳಿಯುವುದಿಲ್ಲ. ಖಾಲಿ ಬಿಟ್ಟರೆ ಒಪ್ಪದು, ಚುಕ್ಕಿ ಇಟ್ಟರೆ ಒಪ್ಪದು, ಅಡ್ಡಗೆರೆ ಹಾಕಿದರೆ ಕೆಂಪಗಾಗುತ್ತದೆ. ತರಗತಿಗೆ ಹೋಗಿ ಕೇಳಿದರೆ ಮಕ್ಕಳು ಕಕ್ಕಾಬಿಕ್ಕಿ.

"ನಿಮ್ಮಮ್ಮನ ಹೆಸರೇನಪ್ಪಾ?"

"ಅವ್ವ, ಮೇಡಂ."

"ಅವ್ವ ಅಂತ ನೀನು ಕರೀತೀಯ. ಬೇರೆಯೋರು ಏನಂತಾರೆ?"

"ಮಂಜನ್ ಅವ್ವ ಅಂತಾರೆ."

"ನಿಮ್ಮಪ್ಪ ಏನಂತಾರೆ?"

"ಲೇ ಅಂತಾರೆ."

ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ಹೊರಗೆ ಬಂದ ಮೇಲೆ ಯಾಕೋ ನಗು ನಿಂತುಹೋಯಿತು. ಹದಿನಾರು ವರ್ಷ ಉಣ್ಣಿಸಿದವಳ ಹೆಸರು ಗೊತ್ತಿಲ್ಲದ ಮಕ್ಕಳು ಒಂದಲ್ಲ, ಎರಡಲ್ಲ. ಮನೆಯಿಂದ ಚೀಟಿ ಬರೆಸಿಕೊಂಡು ಬನ್ನಿ ಎಂದು ಕಳಿಸಿದೆ. ಅರ್ಧ ಬಂದವು, ಅರ್ಧ ಬರಲಿಲ್ಲ. ಕೊನೆಯ ದಿನಾಂಕ ಮಾತ್ರ ಬರುತ್ತಲೇ ಇತ್ತು.

ಒಂದು ಬೆಳಿಗ್ಗೆ ಪಾವಗಡದ ಪಟ್ಟಿ ನೋಡುತ್ತಿದ್ದ ಚಿಕ್ಕಣ್ಣನವರು ನನ್ನನ್ನು ಕರೆದರು. "ಗಿರಿಜಾಂಬ, ಪಾವಗಡದ ಕಡೆ ತೆಲಿಯದು ಅಂತ ದೇವರಿದೆಯೇನ್ರೀ? ಎಷ್ಟೊಂದು ಹೆಂಗಸರಿಗೆ ಅದೇ ಹೆಸರಿಟ್ಟಿದ್ದಾರೆ ನೋಡಿ!"

ನೋಡಿದೆ. ಉದ್ದಕ್ಕೂ ಸಾಲಾಗಿ 'ತೆಲಿಯದು'. ನನಗೆ ತೆಲುಗು ಬರುತ್ತದೆ. ತೆಲಿಯದು ಎಂದರೆ ಗೊತ್ತಿಲ್ಲ! ಓಬಳೇಶಪ್ಪ ಗೊತ್ತಿಲ್ಲದ ಕಡೆಯೆಲ್ಲ ಗೊತ್ತಿಲ್ಲ ಎಂದೇ ಬರೆದಿದ್ದ. ತಾಯಿ ಯಾರೋ ಗೊತ್ತಿಲ್ಲ ಎಂದು ಆ ಮಕ್ಕಳ ಅಂಕಪಟ್ಟಿಯಲ್ಲಿ ಅಚ್ಚಾದರೆ ಗತಿಯೇನು? "ಅವ್ವ ಯಾರಂತ ಗೊತ್ತಿಲ್ಲದ ಮಕ್ಕಳು ಅಂತ ಊರಿಗೆಲ್ಲ ಸಾರ್ತೀಯೇನಯ್ಯಾ?" ಎಂದು ಅವನಿಗೆ ಫೋನಿನಲ್ಲಿ ಬೈದೆ. "ನಿಜಮೇ ಕದಾ ಮೇಡಂ, ಗೊತ್ತಿಲ್ಲ ಕದಾ?" ಎಂದ ಆ ಸತ್ಯಹರಿಶ್ಚಂದ್ರ.

ಆಗ ಹೊಳೆಯಿತು ನನಗೆ ಆ ಉಪಾಯ. ಯಾವುದೋ ಹೆಂಗಸಿನ ಹೆಸರು ಹಾಕಿದರೆ ತಪ್ಪು. ಅದರ ಬದಲು ನನ್ನ ಹೆಸರೇ ಹಾಕಿದರೆ? ಅಪರೂಪದ ಹೆಸರು, ಆ ಪಟ್ಟಿಯಲ್ಲಿ ಇನ್ನೊಬ್ಬ ಗಿರಿಜಾಂಬ ಇರಲಿಲ್ಲ. ನನ್ನ ಹೆಸರು ಹುಡುಕಿದರೆ ಪಟ್ಟಿಯ ಖಾಲಿ ಮನೆಗಳೆಲ್ಲ ಒಂದೇ ಏಟಿಗೆ ಸಿಕ್ಕುತ್ತವೆ, ನಿಜವಾದ ಹೆಸರು ಬಂದ ಹಾಗೆ ಒಂದೊಂದನ್ನೇ ತಿದ್ದಿದರಾಯಿತು. ನಾಲ್ಕು ಶಾಲೆಗೂ ಫೋನು ಮಾಡಿದೆ: "ಗೊತ್ತಿಲ್ಲದ ಕಡೆ, ಅನುಮಾನ ಇರೋ ಕಡೆ ಸದ್ಯಕ್ಕೆ ನನ್ನ ಹೆಸರು ಹಾಕಿ, ಆಮೇಲೆ ನಾನು ನೋಡ್ಕೋತೀನಿ." ರೆಹಮಾನ್ ಸಾಹೇಬರು "ವಾಹ್ ಮೇಡಂ, ಏನ್ ದಿಮಾಗ್!" ಎಂದರು. ನನಗೂ ಹಾಗೇ ಅನಿಸಿತು. ಆ ಸಂಜೆ ಅರ್ಧ ಇಂಜಿನಿಯರ್ ಮುಕ್ಕಾಲಾಗಿದ್ದಳು.

ತಿದ್ದಲು ಶುರು ಮಾಡುವ ಹೊತ್ತಿಗೆ ನನಗೆ ಚಿಕೂನ್‌ಗುನ್ಯಾ ಹಿಡಿಯಿತು. ಮೂರು ವಾರ ಹಾಸಿಗೆಯಿಂದ ಏಳಲು ಗೋಡೆ ಹಿಡಿಯಬೇಕು. ಬೆರಳು ಮಡಚಲು ಬಾರದು. ಅಷ್ಟರಲ್ಲಿ ಕೊನೆಯ ದಿನ ಬಂತು. ಚಿಕ್ಕಣ್ಣನವರು ಪಟ್ಟಿ ತೆರೆದು ನೋಡಿದರು. ಎಲ್ಲ ಮನೆಯೂ ತುಂಬಿದೆ, ಎಲ್ಲೂ ಕೆಂಪಿಲ್ಲ. "ನಮ್ಮ ಗಿರಿಜಾಂಬ ಅಂದ್ರೆ ಗಿರಿಜಾಂಬ" ಎಂದು ಮೆಚ್ಚಿಕೊಂಡು ಕಳಿಸುವ ಗುಂಡಿ ಒತ್ತಿದರು. ನಾನು ಕೆಲಸಕ್ಕೆ ಮರಳಿದಾಗ ಎಲ್ಲ ಮುಗಿದಿದೆ ಎಂದರು. ನಾನೂ ಯಾರೋ ತಿದ್ದಿರಬೇಕು ಎಂದುಕೊಂಡೆ. ತೆರೆದು ನೋಡಲಿಲ್ಲ. ನನ್ನ ಅಷ್ಟೂ ಸರ್ವೀಸಿನಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದು. ಹೆಸರು ಹಾಕಿದ್ದಕ್ಕಿಂತ ದೊಡ್ಡದು ನೋಡದೇ ಇದ್ದದ್ದು.

ಫಲಿತಾಂಶ ಬಂದು, ಅಂಕಪಟ್ಟಿ ಬಂದು, ಮಕ್ಕಳಿಗೆ ಹಂಚಿ ನಾಲ್ಕು ದಿನವಾಗಿತ್ತು. ಮಧ್ಯಾಹ್ನ ಊಟದ ಡಬ್ಬಿ ತೊಳೆದು ಬಂದು ಕೂತಿದ್ದೆ. ಒಬ್ಬ ಹೆಂಗಸು ಬಂದಳು. ನಲವತ್ತರ ಒಳಗಿನ ವಯಸ್ಸು, ಗಟ್ಟಿ ಆಳು. ಹಿಂದೆ ಹದಿಹರೆಯದ ಹುಡುಗಿ, ಅತ್ತು ಮುಖ ಊದಿತ್ತು.

"ಇಲ್ಲಿ ಗಿರಿಜಾಂಬ ಅಂದ್ರೆ ಯಾರು?"

"ನಾನೇ ಕಣಮ್ಮ. ಏನಾಗ್ಬೇಕಿತ್ತು?"

ತಲೆಯಿಂದ ಕಾಲಿನವರೆಗೆ ನೋಡಿದಳು. ನನ್ನ ಮೂಗುಬೊಟ್ಟು ನೋಡಿದಳು, ನರೆತ ಕೂದಲು ನೋಡಿದಳು. "ಎಷ್ಟು ವರ್ಸದಿಂದ?"

ಸರ್ವೀಸು ಕೇಳುತ್ತಿದ್ದಾಳೆ ಎಂದುಕೊಂಡೆ. "ಬರೋ ಶ್ರಾವಣಕ್ಕೆ ಇಪ್ಪತ್ತೆರಡು ತುಂಬುತ್ತೆ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಇಪ್ಪತ್ತೆರಡಾ!" ಅವಳು ಮೇಜು ಹಿಡಿದುಕೊಂಡಳು. "ನನ್ನ ಮದ್ವೆ ಆಗಿ ಹದಿನೆಂಟು ಕಣವ್ವಾ!"

ಆಗಲೂ ನನಗೆ ಹೊಳೆಯಲಿಲ್ಲ. "ಒಳ್ಳೇದಾಯ್ತಮ್ಮ" ಎಂದುಬಿಟ್ಟೆ. ಆ ಮಾತು ನೆನೆದರೆ ಬಾಯಿಗೆ ಬರೆ ಹಾಕಿಕೊಳ್ಳಬೇಕು ಅನಿಸುತ್ತದೆ.

"ಒಳ್ಳೇದಾಯ್ತಾ? ನಿಂಗೆ ಒಳ್ಳೇದೇ ಬುಡು. ಎಷ್ಟು ಮಕ್ಳು ನಿಂಗೆ?"

"ನಂಗೆ ಮದ್ವೇನೇ ಆಗಿಲ್ಲಮ್ಮ."

"ಗೊತ್ತಾಯ್ತದೆ. ಮದ್ವೆ ಇಲ್ದಂಗೇ ಅಲ್ವಾ ಎಲ್ಲಾ ನಡ್ಸಿರಾದು!" ಎಂದವಳೇ ಅಂಕಪಟ್ಟಿಯನ್ನು ನನ್ನ ಮುಂದೆ ಬಡಿದಳು.

ನೋಡಿದೆ. ವಿದ್ಯಾರ್ಥಿನಿ ಕವಿತಾ. ತಂದೆ ಹನುಮಂತರಾಯಪ್ಪ. ತಾಯಿ ಗಿರಿಜಾಂಬ. ಅಚ್ಚುಕಟ್ಟಾಗಿ, ಮುದ್ರೆ ಸಮೇತ, ಒಂದು ಅಕ್ಷರವೂ ತಪ್ಪಿಲ್ಲದೆ. ನನ್ನ ಕಿವಿ ಗುಯ್‌ ಎಂದಿತು. ಮಾತು ಹೊರಡಲಿಲ್ಲ, ಹೊರಡದೇ ಇದ್ದದ್ದೇ ಅವಳಿಗೆ ಸಾಕ್ಷಿಯಾಯಿತು.

ಅವಳು ತೋವಿನಕೆರೆ ಪಕ್ಕದ ಹಳ್ಳಿಯ ಲಕ್ಷ್ಮಮ್ಮ. ಗಂಡ ಹನುಮಂತರಾಯಪ್ಪ ಟೆಂಪೋ ಓಡಿಸುತ್ತಾನೆ, ವಾರಕ್ಕೆ ಎರಡು ಸಲ ಮಧುಗಿರಿಗೆ ಬಂದು ಹೋಗುತ್ತಾನೆ. ಲಕ್ಷ್ಮಮ್ಮ ಐದನೇ ಕ್ಲಾಸು ಓದಿದವಳು. ಅಂಕಪಟ್ಟಿಯಲ್ಲಿ ಅವ್ವನ ಹೆಸರೂ ಅಚ್ಚಾಗಿರುತ್ತದೆ ಎಂದು ಮಗಳೇ ಹೇಳಿದ್ದಳಂತೆ. ಅದನ್ನು ಕಣ್ಣಾರೆ ನೋಡೋಣ ಎಂದು ಕೈ ತೊಳೆದುಕೊಂಡು ಬಿಚ್ಚಿದರೆ ಇನ್ನೊಬ್ಬಳ ಹೆಸರು. ಗಂಡನನ್ನು ಕೇಳಿದಳು. ಅವನು "ಯಾವ ಗಿರಿಜಾಂಬಾನೂ ನಂಗೊತ್ತಿಲ್ಲ" ಎಂದ. ತೋವಿನಕೆರೆ ಶಾಲೆಯಲ್ಲಿ ವಿಚಾರಿಸಿದರೆ "ಗಿರಿಜಾಂಬನವರಾ? ಮಧುಗಿರಿಯಲ್ಲಿದ್ದಾರಲ್ಲ" ಎಂದು ಯಾರೋ ಸಹಜವಾಗಿ ಹೇಳಿದ್ದಾರೆ. ಇನ್ನೇನು ಬೇಕು?

ಗಲಾಟೆಗೆ ಚಿಕ್ಕಣ್ಣನವರು ಹೊರಗೆ ಬಂದರು. ಅಂಕಪಟ್ಟಿ ನೋಡಿದರು, ನನ್ನನ್ನು ನೋಡಿದರು. ಇಪ್ಪತ್ತು ವರ್ಷದಿಂದ ನನ್ನನ್ನು ಬಲ್ಲ ಮನುಷ್ಯ. ಅವರ ಮುಖದಲ್ಲೂ ಒಂದು ಗಳಿಗೆ ಅನುಮಾನ ಸುಳಿಯಿತು. ಆ ಒಂದು ಗಳಿಗೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಲಕ್ಷ್ಮಮ್ಮನನ್ನು ಕೂರಿಸಿ ನೀರು ಕೊಟ್ಟೆ. ಮುಟ್ಟಲಿಲ್ಲ. ನಡೆದದ್ದೆಲ್ಲ ಹೇಳಿದೆ. ಕಂಪ್ಯೂಟರು ಖಾಲಿ ಬಿಡಲು ಒಪ್ಪುವುದಿಲ್ಲ, ಅದಕ್ಕೇ ಹೀಗೆ ಮಾಡಿದೆ ಎಂದೆ.

"ಅದು ಒಪ್ದೆ ಇದ್ರೆ ನನ್ನ ಮಗ್ಳ ಕೇಳ್ಬೇಕಾಗಿತ್ತು. ಅವ್ಳಿಗೆ ಗೊತ್ತಿಲ್ದಿದ್ರೆ ನನ್ನ ಕೇಳ್ಬೇಕಾಗಿತ್ತು. ತೋವಿನಕೆರೆ ಏನು ಲಂಡನ್ನಾ? ಬಸ್ಸು ಇಲ್ವಾ?" ಎಂದಳು. ಆಮೇಲೆ ಮೆಲ್ಲಗೆ, "ಊರ್ ತುಂಬ ಹೆಂಗಸ್ರು ಇದ್ರಲ್ಲ. ಅದೆಂಗೆ ನಿನ್ನ ಹೆಸ್ರೇ ಬಂತು?" ಎಂದಳು.

ಇನ್ನೂ ಇಂಥವು ಇವೆ, ನೋಡು ಎಂದು ತೋರಿಸಲು ಕಂಪ್ಯೂಟರಿನಲ್ಲಿ ನನ್ನ ಹೆಸರು ಹುಡುಕಿದೆ. ಸಾಲು ಸಾಲಾಗಿ ಬಂದವು. ಮೂವತ್ತೇಳು ಮಕ್ಕಳು. ಶಿರಾದಲ್ಲಿ, ಪಾವಗಡದಲ್ಲಿ, ತೋವಿನಕೆರೆಯಲ್ಲಿ, ಮಧುಗಿರಿಯಲ್ಲಿ. ಮೂವತ್ತೇಳು ಗಂಡಸರ ಹೆಸರಿನ ಪಕ್ಕದಲ್ಲಿ ನನ್ನ ಹೆಸರು. ಲಕ್ಷ್ಮಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಇದು ಎಡವಟ್ಟೇ ಇರಬಹುದು ಎಂದು ಅವಳಿಗೆ ಅರ್ಧ ಅನಿಸಿರಬೇಕು. ಆದರೆ ಅರ್ಧವೇ.

"ಇದನ್ನ ಅಚ್ಚಲ್ಲಿ ತಿದ್ದಿ ನನ್ನ ಕೈಗೆ ಕೊಡೋ ಗಂಟ ನಾನು ಆ ಮನೆ ಹೊಸಿಲು ತುಳಿಯಾಕಿಲ್ಲ" ಎಂದು ಎದ್ದಳು. ಮಗಳನ್ನು ಕರೆದುಕೊಂಡು ಪಾವಗಡದ ಕಡೆಯ ತವರಿಗೆ ಹೊರಟೇ ಹೋದಳು.

ಮರುದಿನ ಹನುಮಂತರಾಯಪ್ಪ ಬಂದ. ಕೂಗಾಡಲಿಲ್ಲ. ಬಾಗಿಲಲ್ಲಿ ನಿಂತು, "ಅಮ್ಮಾ, ನಾನು ಯಾವತ್ತಾನ ನಿಮ್ಮನ್ನ ನೋಡಿದೀನಾ? ಒಂದ್ಸಲ ಹೇಳ್ಬುಡಿ, ನಂಗೇ ಅನುಮಾನ ಬಂದ್ಬುಟ್ಟೈತೆ" ಎಂದ. ನನಗೆ ಅಳು ಬಂತು.

ತಿದ್ದುಪಡಿಗೆ ಹತ್ತು ದಿನ ಅವಕಾಶವಿತ್ತು. ತಿದ್ದುವ ಪುಟ ತೆರೆಯಲು ಮತ್ತೊಮ್ಮೆ ಪಾಸ್‌ವರ್ಡ್ ಕೇಳಿತು. ಒತ್ತಿದೆ, ತಪ್ಪು ಎಂದಿತು. ಅವತ್ತೇ ಬೆಳಿಗ್ಗೆ ನಾಲ್ಕು ಶಾಲೆಯಲ್ಲಿ ಯಾರೋ ಏನೋ ಒತ್ತಿ ಅದನ್ನು ಬದಲಾಯಿಸಿದ್ದರು, ನಾನಲ್ಲ ತಾನಲ್ಲ ಎಂದರು. ಉಳಿದದ್ದು ಗುಟ್ಟಿನ ಪ್ರಶ್ನೆ. ನಿಮ್ಮ ತಾಯಿಯ ಹೆಸರೇನು? ತರಕಾರಿ ಎಂದು ನೆನಪಿದೆ, ಯಾವ ತರಕಾರಿ? ಬದನೆಕಾಯಿ ಎಂದೆ. ತಪ್ಪು. ಹೀರೇಕಾಯಿ ಎಂದೆ. ತಪ್ಪು, ಇನ್ನೊಂದೇ ಅವಕಾಶ ಎಂದಿತು. ಅಲ್ಲೆಲ್ಲೋ ಒಬ್ಬಳು ತನ್ನ ಹೆಸರಿಗಾಗಿ ತವರಲ್ಲಿ ಕೂತಿದ್ದಾಳೆ, ಇಲ್ಲಿ ನಾನು ನನ್ನ ಹೆತ್ತವಳ ಹೆಸರಿಗೆ ಸಂತೆಯ ಬುಟ್ಟಿ ತಡಕುತ್ತಿದ್ದೇನೆ. ಯಾರ ಹತ್ತಿರ ಹೇಳಿಕೊಳ್ಳುವುದು? ರೆಹಮಾನ್ ಸಾಹೇಬರಿಗೆ ಫೋನು ಮಾಡಿ ಗೋಳಾಡಿದೆ.

"ಅರೆ ಮೇಡಂ, ನುಗ್ಗೆಕಾಯಿ ಅಲ್ವಾ!" ಎಂದರು.

"ನಿಮಗೆ ಹೆಂಗೆ ಗೊತ್ತು ಸಾಹೇಬ್ರೇ?"

"ಯಾರಿಗೆ ಮಾಲೂಮಿಲ್ಲ? ಆವತ್ತು ಮೀಟಿಂಗಲ್ಲಿ ನೀವೇ ಹೇಳಿದ್ರಿ, ಇಂಗೆ ಗುಟ್ಟಾಗಿ ಇಟ್ಕೋಬೇಕು ಅಂತ."

ನುಗ್ಗೆಕಾಯಿ ಎಂದೆ. ತೆರೆಯಿತು. ನನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದ ಗುಟ್ಟು ನನಗೊಬ್ಬಳಿಗೇ ಮರೆತಿತ್ತು. ಅಂದೇ ರದ್ದಿ ಅಂಗಡಿಯ ಪತ್ರಿಕೆಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆ.

ನಂತರ ಒಂಬತ್ತು ದಿನ ನಾನು ಕುರ್ಚಿಯ ಮೇಲೆ ಕೂರಲಿಲ್ಲ. ಬ್ಯಾಗಿನಲ್ಲಿ ಪಟ್ಟಿ ಇಟ್ಟುಕೊಂಡು, ಇನ್ನೂ ನೋಯುತ್ತಿದ್ದ ಮಂಡಿ ಹೊತ್ತುಕೊಂಡು, ನಾಲ್ಕು ತಾಲ್ಲೂಕಿನ ಮನೆ ಮನೆ ಸುತ್ತಿದೆ. "ನಿನ್ನ ಹೆಸರೇನಮ್ಮ?" ಎಂದು ಕೇಳಿದರೆ ಕೆಲವರು ನಾಚಿಕೊಂಡು ಗಂಡನ ಮುಖ ನೋಡುತ್ತಿದ್ದರು. ಲಕ್ಷ್ಮಮ್ಮನ ತವರಿಗೂ ಹೋದೆ. ಕವಿತಾ ಚೀಟಿಯಲ್ಲಿ ಅವ್ವನದೊಂದು ಹೆಸರು ಬರೆದಿದ್ದು, ಜೊತೆಗೆ ಕೊಟ್ಟ ಅವ್ವನ ಗುರುತಿನ ಚೀಟಿಯ ಜೆರಾಕ್ಸಿನಲ್ಲಿ ಇನ್ನೊಂದು ಹೆಸರಿತ್ತೆಂದೇ ತೋವಿನಕೆರೆಯವರು ಅನುಮಾನಕ್ಕೆ ಬಿದ್ದು ನನ್ನ ಹೆಸರು ಹಾಕಿದ್ದರು. ಈಗ ಲಕ್ಷ್ಮಮ್ಮನ ಮತದಾರರ ಚೀಟಿಯನ್ನೇ ಕೇಳಿದೆ. ಅದರಲ್ಲಿ ಗಂಗಮ್ಮ ಎಂದಿತ್ತು.

"ಲಕ್ಷ್ಮಮ್ಮ ಅಲ್ವಾ ನೀನು?"

"ಅದು ಮನೇಲಿ ಕರ್ಯಾದು. ಇದ್ರಾಗಿರಾದೇ ಬರ್ಕಳಿ" ಎಂದಳು. ಅಕ್ಷರ ಅಕ್ಷರ ಓದಿ ಹೇಳಿಸಿಕೊಂಡು ಬರೆದುಕೊಂಡೆ.

ಮೂವತ್ತೇಳನ್ನೂ ತಿದ್ದಿದೆ. ತಪ್ಪೊಪ್ಪಿಗೆ ಬರೆದುಕೊಟ್ಟೆ. ಸಂಸ್ಥೆಯವರು ಬೈದರು, ಬೈಯಬೇಕಾದದ್ದೇ. ಹೊಸ ಅಂಕಪಟ್ಟಿ ಬರಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ಮಧುಗಿರಿಯ ಬೀದಿಯಲ್ಲಿ ಟೆಂಪೋ ಹಾರ್ನ್ ಕೇಳಿದರೆ ನಾನು ಅಂಗಡಿಯೊಳಗೆ ಹೊಕ್ಕುಬಿಡುತ್ತಿದ್ದೆ.

ಅಂಕಪಟ್ಟಿ ಬಂದ ದಿನವೇ ಹನುಮಂತರಾಯಪ್ಪನಿಗೆ ಫೋನು ಮಾಡಿ, "ಅವಳ ತವರಿಗೆ ನೀನೂ ಬಾರಪ್ಪ, ಇಬ್ಬರ ಮುಂದೇನೇ ಕೊಡ್ತೀನಿ" ಎಂದೆ. ಪಾವಗಡದ ಬಸ್ಸು ಹತ್ತಿ, ಅಲ್ಲಿಂದ ಆಟೋದಲ್ಲಿ ಹಳ್ಳಿ ಸೇರುವಷ್ಟರಲ್ಲಿ ಅವನು ಬಂದು ಜಗಲಿಯ ತುದಿಯಲ್ಲಿ ಕೂತಿದ್ದ. ಲಕ್ಷ್ಮಮ್ಮ ಬಾಗಿಲಲ್ಲಿ ನಿಂತಿದ್ದಳು. ಕವರು ಅವಳ ಕೈಗೆ ಕೊಟ್ಟೆ. ಅವಳು ಬಿಚ್ಚಲಿಲ್ಲ. "ನಿಮ್ಮಪ್ಪುಂಗೆ ಕೊಡು ಕವಿತಾ. ಅವ್ನೇ ಓದ್ಲಿ" ಎಂದಳು.

ಅವನು ಬೆರಳಿಟ್ಟು ಓದಿದ. ಮಗಳ ಹೆಸರು ಓದಿದ, ತನ್ನ ಹೆಸರು ಓದಿದ. ಆಮೇಲೆ ಬೆರಳು ನಿಂತಿತು. ಜಗಲಿಯಿಂದ ಧಡಕ್ಕನೆ ಎದ್ದ.

"ಏನ್ ಮೇಡಂ ಇದು! ಮೊದ್ಲು ನಿಮ್ಮ ಹೆಸ್ರು ಹಾಕುದ್ರಿ. ಈಗ ನಮ್ಮವ್ವನ ಹೆಸ್ರು ಹಾಕಿದೀರ! ಗಂಗಮ್ಮ ಅಂದ್ರೆ ನನ್ನ ಹೆತ್ತೋಳು. ಸತ್ತು ಆರು ವರ್ಸ ಆಯ್ತು. ನೀವೇನು ನಮ್ಮ ಮನೆ ಕೆಡಸ್ಬೇಕಂತಲೇ ಇದೀರಾ?"

ಮತ್ತೆ ತಪ್ಪಾಯಿತೇ? ಬ್ಯಾಗು ತಡಕಿ ಮತದಾರರ ಚೀಟಿಯ ಜೆರಾಕ್ಸ್ ತೆಗೆಯುತ್ತಿದ್ದೆ, ಕಾಗದಗಳೆಲ್ಲ ನೆಲಕ್ಕೆ ಬಿದ್ದವು.

"ಅವ್ರನ್ನ ಯಾಕೆ ಬೈತೀಯ?" ಎಂದಳು ಲಕ್ಷ್ಮಮ್ಮ. "ಅದು ನಂದೇ ಕಣಯ್ಯ. ಅತ್ತೆ ಹೆಸ್ರು ಸೊಸೆಗೆ ಇರ್ಬಾರ್ದು, ಗಂಡ ಹೆಂಗೆ ಕರ್ದಾನು ಅಂತ ಮದ್ವೆ ದಿನ ನಿಮ್ಮವ್ವ ಬುಡ್ಸುದ್ಲು. ಲಕ್ಷ್ಮಿ ಅಂತ ಇಟ್ಳು. ನೀನೂ ಪಕ್ಕದಾಗೇ ಕುಂತಿದ್ದೆ."

ಹನುಮಂತರಾಯಪ್ಪ ಚೀಟಿ ನೋಡಿದ, ಅಂಕಪಟ್ಟಿ ನೋಡಿದ, ಹೆಂಡತಿಯನ್ನು ನೋಡಿದ. ನಾನೂ ನೋಡಿದೆ. ನನ್ನ ಹೆಸರು ಕಂಡು ಎರಡು ತಿಂಗಳು ಮನೆ ಬಿಟ್ಟವಳು ಹದಿನೆಂಟು ವರ್ಷದಿಂದ ತನ್ನ ಹೆಸರಿಲ್ಲದೆ ಆ ಮನೆಯಲ್ಲಿದ್ದಳು.

"ನಡಿ, ಹೋಗಾನ" ಎಂದ ಅವನು ಕೊನೆಗೆ, ನೆಲ ನೋಡುತ್ತಾ.

"ಯಾರ್ನ ಕರೀತಾ ಇದೀಯ?"

"ನಿನ್ನೇ ಕಣೆ."

"ಹೆಸ್ರು ಹಿಡಿದು ಕರಿ. ಅದ್ರಾಗೆ ಏನೈತೋ ಅದು."

ಅವನ ಮುಖ ನೋಡಲಾಗುತ್ತಿರಲಿಲ್ಲ. ಹೆತ್ತ ತಾಯಿಯ ಹೆಸರನ್ನು ಜೀವಮಾನದಲ್ಲಿ ಒಮ್ಮೆಯೂ ಬಾಯಿಬಿಟ್ಟು ಕರೆಯದ ಮಗ. ಕೊನೆಗೆ ಉಸಿರಿನಲ್ಲೇ ಅಂದ, "ಗಂಗಮ್ಮ."

"ಕೇಳುಸ್ನಿಲ್ಲ" ಎಂದಳು.

ಅವನು ತಲೆಯೆತ್ತಿ ಗಟ್ಟಿಯಾಗಿ ಕರೆದ. ಆಚೆ ಮನೆಯವರು ಬಾಗಿಲಿಗೆ ಬಂದು ಯಾರು ಎಂದು ನೋಡಿದರು. ಗಂಗಮ್ಮ ಒಳಗೆ ಹೋಗಿ ಬಟ್ಟೆಯ ಬ್ಯಾಗು ತಂದಳು.